ಗೇಮ್ ಕಲೆಯಾ ಅಂತ ಕೇಳಿದ್ದೆಯಲ್ಲ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಓದಿದೆ. ವಿಡಿಯೋ ಗೇಮ್‌ನಲ್ಲಿರುವ ಚಿತ್ರ ಕಲೆ, ಸಂಗೀತ ಕಲೆ, ಕಥೆಯೂ ಬೇಕಾದರೆ ಕಲೆ, ಆದರೆ ಆಡೋದು ಹೇಗೆ ಕಲೆ ಆಗುತ್ತೆ ಅಂತ ಕೇಳಿದ್ದೀಯ. ಸರಿಯಾದ ಜಾಗಕ್ಕೇ ಕೈ ಹಾಕಿದ್ದೀಯ. ಈ ವಾದಕ್ಕೆ ಇಳಿಯುವವರು ಸಾಮಾನ್ಯವಾಗಿ ಗೇಮ್‌ನೊಳಗಿನ ಚಂದದ ಬೆಟ್ಟಗುಡ್ಡ ತೋರಿಸಿ, ನೋಡಿ ಎಷ್ಟು ಅದ್ಭುತ ಅಂದು ಮುಗಿಸಿಬಿಡುತ್ತಾರೆ. ನನಗೆ ಆ ಉತ್ತರ ಸಾಲದು. ಗೇಮ್ ಕಲೆಯಾದರೆ ಅದು ಆಡುವುದರಲ್ಲೇ, ಅದರ ನಿಯಮಗಳಲ್ಲೇ ಇರಬೇಕು. ಇದೆ ಅಂತ ನಾನು ನಂಬಿದ್ದೇನೆ.

'ಪೇಪರ್ಸ್, ಪ್ಲೀಸ್' ಅಂತ ಒಂದು ಗೇಮ್ 2013ರಲ್ಲಿ ಬಂತು. ಲೂಕಸ್ ಪೋಪ್ ಅನ್ನುವವನು ಮಾಡಿದ್ದು. ಆರ್ಸ್ಟೋಟ್ಸ್ಕಾ ಅನ್ನುವ ಕಲ್ಪನೆಯ ದೇಶ, 1982ನೇ ಇಸವಿ. ಗಡಿಯ ಚೆಕ್‌ಪೋಸ್ಟ್‌ನಲ್ಲಿ ನಿನಗೆ ಕೆಲಸ. ಕಿಟಕಿಯ ಆಚೆ ಉದ್ದನೆಯ ಸಾಲು. ಒಬ್ಬೊಬ್ಬರಾಗಿ ಬಂದು ಪಾಸ್‌ಪೋರ್ಟ್ ಮುಂದಿಡುತ್ತಾರೆ. ಮುಖ ಫೋಟೊಗೆ ಹೊಂದುತ್ತದಾ, ಅವಧಿ ಮುಗಿದಿದೆಯಾ, ಊರಿನ ಹೆಸರು ಸರಿಯಿದೆಯಾ ನೋಡಬೇಕು. ಆಮೇಲೆ ಹಸಿರು ಮುದ್ರೆ, ಇಲ್ಲವೇ ಕೆಂಪು ಮುದ್ರೆ. ಕೆಲಸ ಇಷ್ಟೇ. ಸರಿಯಾಗಿ ಪರಿಶೀಲಿಸಿದ ಒಬ್ಬೊಬ್ಬರಿಗೆ 5 ಕ್ರೆಡಿಟ್ (ಆ ದೇಶದ ದುಡ್ಡು) ಸಂಬಳ. ಮನೆಯಲ್ಲಿ ಹೆಂಡತಿ, ಮಗ, ಅತ್ತೆ, ಚಿಕ್ಕಪ್ಪ ಇದ್ದಾರೆ. ದಿನದ ಕೊನೆಗೆ ಬಾಡಿಗೆ, ಊಟ, ಮನೆ ಬೆಚ್ಚಗಿಡುವ ಖರ್ಚು, ಎಲ್ಲ ಅದರಲ್ಲೇ ನೀಗಬೇಕು. ಸಾಲದಿದ್ದರೆ ಯಾರೋ ಒಬ್ಬರು ಕಾಯಿಲೆ ಬೀಳುತ್ತಾರೆ. ಔಷಧಿಗೆ ಮತ್ತೆ ದುಡ್ಡು.

ಒಂದು ದಿನ ಒಬ್ಬ ಬರುತ್ತಾನೆ. ಅವನ ಕಾಗದ ಎಲ್ಲ ಸರಿಯಿದೆ. ಹೋಗುವ ಮುಂಚೆ, ಹಿಂದೆ ನನ್ನ ಹೆಂಡತಿ ಬರ್ತಿದ್ದಾಳೆ, ಅವಳ ಜೊತೆ ಒಳ್ಳೆಯದಾಗಿ ನಡೆದುಕೊಳ್ಳಿ ಅನ್ನುತ್ತಾನೆ. ಅವಳು ಬರುತ್ತಾಳೆ. ಪ್ರವೇಶದ ಪರವಾನಗಿ ಇಲ್ಲ. ವಾಪಸ್ ಹೋದರೆ ನನ್ನನ್ನು ಕೊಲ್ಲುತ್ತಾರೆ ಅನ್ನುತ್ತಾಳೆ.

ಕಣ್ಣೀರು ತರಿಸುವ ಕಥೆ, ಅದರಲ್ಲೇನು ವಿಶೇಷ ಅನ್ನಬಹುದು ನೀನು. ನಿಯಮ ನೋಡು ಈಗ. ದಿನದಲ್ಲಿ ಮೊದಲ ಎರಡು ತಪ್ಪಿಗೆ ಬರೀ ಎಚ್ಚರಿಕೆ ಚೀಟಿ ಬರುತ್ತದೆ. ಮೂರನೆಯದರಿಂದ ಸಂಬಳಕ್ಕೆ ಕತ್ತರಿ. ಹೀಗಾಗಿ ಆಡುವವನು ಏನು ಮಾಡುತ್ತಾನೆ ಗೊತ್ತಾ? ಆ ಎರಡು ತಪ್ಪುಗಳನ್ನು ಜೋಪಾನವಾಗಿ ಉಳಿಸಿಕೊಳ್ಳಲು ಶುರು ಮಾಡುತ್ತಾನೆ. ದಯೆ ತೋರಿಸಬೇಕಾದವರು ಯಾರಾದರೂ ಬಂದರೆ ಇರಲಿ ಅಂತ. ಆದರೆ ಮೇಜು ಚಿಕ್ಕದು. ಕಾಗದಗಳು ಒಂದರ ಮೇಲೊಂದು ಬಿದ್ದು ಮುಚ್ಚಿಹೋಗುತ್ತವೆ. ಗಡಿಯಾರ ಓಡುತ್ತಿರುತ್ತದೆ. ಹೊಸ ಹೊಸ ನಿಯಮ ಬರುತ್ತಲೇ ಇರುತ್ತದೆ. ಯಾವುದೋ ತಾರೀಕನ್ನು ಅವಸರದಲ್ಲಿ ಸರಿಯಾಗಿ ನೋಡದೆ ಆ ಎರಡೂ ಖರ್ಚಾಗಿಹೋದವು ಅಂದುಕೋ. ಆಗ ಆ ಹೆಂಗಸಿನ ಜೀವ ಒಂದು ಕಡೆ, ನಿನ್ನ ಮಗನ ಔಷಧಿ ಇನ್ನೊಂದು ಕಡೆ.

ಸ್ವಲ್ಪ ದಿನ ಈ ಕೆಲಸ ಮಾಡಿದ ಮೇಲೆ ಇನ್ನೂ ಒಂದು ಆಗುತ್ತದೆ. ಎದುರಿಗೆ ನಿಂತವರ ಮುಖ ಕಾಣುವುದೇ ನಿಂತುಹೋಗುತ್ತದೆ. ತಾರೀಕು, ನಂಬರು, ಮುದ್ರೆ ಮಾತ್ರ ಕಾಣುತ್ತವೆ. ಒಬ್ಬ ಸಾಧಾರಣ ಗುಮಾಸ್ತ ಹೇಗೆ ಕಲ್ಲಾಗುತ್ತಾನೆ ಅನ್ನುವುದನ್ನು ನಾನು ಕಾದಂಬರಿಗಳಲ್ಲಿ ಓದಿದ್ದೇನೆ. ಅಲ್ಲಿ ಅದು ಇನ್ನೊಬ್ಬನ ಕಥೆ. ಇಲ್ಲಿ ಯಾರೂ ನನಗೆ ಅದನ್ನು ವಿವರಿಸಲಿಲ್ಲ. ಮುದ್ರೆ ನನ್ನ ಕೈಯಲ್ಲೇ ಇತ್ತು. ಈ ಅನುಭವವನ್ನು ಕಟ್ಟಿದ್ದು ಚಿತ್ರವಲ್ಲ, ಸಂಗೀತವಲ್ಲ. ಆ ಎರಡು ಎಚ್ಚರಿಕೆ ಚೀಟಿಗಳ ಲೆಕ್ಕ, ಆ ಇಕ್ಕಟ್ಟಾದ ಮೇಜು.

ಅಮೆರಿಕದ ಸಿನಿಮಾ ವಿಮರ್ಶಕ ರೋಜರ್ ಈಬರ್ಟ್ 2010ರಲ್ಲಿ, ವಿಡಿಯೋ ಗೇಮ್ ಎಂದಿಗೂ ಕಲೆ ಆಗಲಾರದು ಅಂತ ಬರೆದ. ದೊಡ್ಡ ಗಲಾಟೆಯೇ ಆಯಿತು. ಗೇಮ್‌ನಲ್ಲಿ ನಿಯಮ ಇರುತ್ತದೆ, ಪಾಯಿಂಟ್ ಇರುತ್ತದೆ, ಗೆಲ್ಲಬಹುದು, ಕಲೆಯಲ್ಲಿ ಗೆಲ್ಲುವ ಮಾತೆಲ್ಲಿ ಬಂತು ಅನ್ನುವುದು ಅವನ ವಾದ. ಕೆಲವು ತಿಂಗಳಾದ ಮೇಲೆ, ನೋಡದ ಸಿನಿಮಾ ಬಗ್ಗೆ ಬರೆಯದ ನಾನು ಆಡದ ಗೇಮ್ ಬಗ್ಗೆ ಮಾತಾಡಬಾರದಿತ್ತು ಅಂತ ಅವನೇ ಬರೆದ. ಅಭಿಪ್ರಾಯ ಮಾತ್ರ ಬದಲಿಸಲಿಲ್ಲ. ಅವನ ಇನ್ನೊಂದು ಆಕ್ಷೇಪ ನನಗೆ ಹೆಚ್ಚು ತೂಕದ್ದು ಅನ್ನಿಸುತ್ತದೆ. ಕಲಾವಿದ ನಮ್ಮನ್ನು ಒಂದು ಕೊನೆಗೆ ಕರೆದುಕೊಂಡು ಹೋಗುತ್ತಾನೆ, ಆಯ್ಕೆಯನ್ನು ಆಡುವವನ ಕೈಗೆ ಕೊಟ್ಟರೆ ಅದು ಕಲಾವಿದನ ಕೃತಿ ಹೇಗಾಗುತ್ತದೆ?

ತಾಳಮದ್ದಳೆ, ಅಂದರೆ ವೇಷ, ಕುಣಿತ ಇಲ್ಲದೆ ಹಾಡು, ಮಾತಿನಲ್ಲೇ ನಡೆಯುವ ಯಕ್ಷಗಾನ, ಕೇಳಿ ಬೆಳೆದ ನಮಗೆ ಇದು ಅಷ್ಟು ಕಷ್ಟದ ಪ್ರಶ್ನೆ ಅಲ್ಲ ಕಣೋ. 'ವಾಲಿವಧೆ' ಪ್ರಸಂಗವನ್ನೇ ತೆಗೆದುಕೋ. ಭಾಗವತರು ಹಾಡುವ ಪದ್ಯ ಮೊದಲೇ ನಿಗದಿ. ವಾಲಿ ಸಾಯಲೇಬೇಕು. ಆದರೆ ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ ಅಂತ ವಾಲಿ ಕೇಳುವಾಗ ಅರ್ಥಧಾರಿ, ಅಂದರೆ ಪಾತ್ರದ ಮಾತನ್ನು ಆಡುವವನು, ಏನು ಹೇಳುತ್ತಾನೆ ಅನ್ನುವುದು ಎಲ್ಲೂ ಬರೆದಿಲ್ಲ. ರಾಮನ ಅರ್ಥ ಹೇಳುವವನು ಅಲ್ಲೇ, ಆಗಲೇ ಉತ್ತರ ಹುಡುಕಬೇಕು. ಒಂದು ರಾತ್ರಿ ರಾಮ ಗೆದ್ದ ಹಾಗೆ ಅನ್ನಿಸುತ್ತದೆ, ಇನ್ನೊಂದು ರಾತ್ರಿ ಸಾಯುತ್ತಿರುವ ವಾಲಿಯೇ ದೊಡ್ಡವನಾಗಿಬಿಡುತ್ತಾನೆ. ಹಾಗಂತ ಪ್ರಸಂಗ ಬರೆದ ಕವಿಯ ಕೃತಿ ಅದಲ್ಲ ಅಂತ ಯಾರಾದರೂ ಅಂದಿದ್ದಾರಾ? ಎಲ್ಲಿ ಬಿಗಿಯಾಗಿ ಹಿಡಿಯಬೇಕು, ಎಲ್ಲಿ ಸಡಿಲ ಬಿಡಬೇಕು ಅನ್ನುವುದರಲ್ಲೇ ಕೈಚಳಕ ಇರುವುದು. ಗೇಮ್ ಮಾಡುವವರದ್ದೂ ಅದೇ ಕೆಲಸ.

ಎಲ್ಲ ಗೇಮ್‌ಗಳ ಪರವಾಗಿ ನಾನು ನಿಂತಿಲ್ಲ. ಫೋನಿನಲ್ಲಿ ಮಕ್ಕಳ ಕೈಯಿಂದ ದುಡ್ಡು ಕೀಳಲಿಕ್ಕೇ ಕಟ್ಟಿದ ಗೇಮ್‌ಗಳು ಬೇಕಾದಷ್ಟಿವೆ. ಅವುಗಳಲ್ಲೂ ನಿಯಮ ಇದೆ, ಜಾಣತನ ಇದೆ. ಆದರೆ ಆ ಜಾಣತನವೆಲ್ಲ ನಮ್ಮನ್ನು ಎದ್ದುಹೋಗದಂತೆ ಕಟ್ಟಿಹಾಕಲಿಕ್ಕೆ. ಅದರ ಬಗ್ಗೆ ನನಗೆ ಸಿಟ್ಟಿದೆ.

ಕೊನೆಗೆ ಒಂದು ಗೇಮ್ ನಿನಗೇ ಬಿಡುತ್ತೇನೆ. ಜೇಸನ್ ರೋರರ್ 2007ರಲ್ಲಿ ಮಾಡಿದ 'ಪ್ಯಾಸೇಜ್'. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 2012ರಲ್ಲಿ ಮೊದಲ ಕಂತಿನಲ್ಲಿ ಸಂಗ್ರಹಕ್ಕೆ ಸೇರಿಸಿಕೊಂಡ 14 ಗೇಮ್‌ಗಳಲ್ಲಿ ಇದೂ ಒಂದು. ಮ್ಯೂಸಿಯಂ ಒಪ್ಪಿತು ಅಂತ ನೀನು ಒಪ್ಪಬೇಕಿಲ್ಲ. ಇದರಲ್ಲಿ ಚಿತ್ರ ಅನ್ನುವಂಥದ್ದು ಹೆಚ್ಚೇನೂ ಇಲ್ಲ, ಅದಕ್ಕೇ ಇದನ್ನು ಆರಿಸಿದೆ. 100 ಪಿಕ್ಸೆಲ್ (ಪರದೆಯ ಚುಕ್ಕಿ) ಅಗಲ, 16 ಪಿಕ್ಸೆಲ್ ಎತ್ತರದ ಒಂದು ಸಪೂರ ಪಟ್ಟಿ, ಅಷ್ಟೇ. ಎಡತುದಿಯಲ್ಲಿ ಒಬ್ಬ ಯುವಕ. ಶುರುವಿನಲ್ಲೇ ಒಬ್ಬಳು ಹುಡುಗಿ ಸಿಗುತ್ತಾಳೆ. ಮುಟ್ಟಿದರೆ ಜೊತೆಗೆ ಬರುತ್ತಾಳೆ. ಜೊತೆಯಲ್ಲಿ ಮುಂದೆ ನಡೆದರೆ ಪಾಯಿಂಟ್ ಎರಡು ಪಟ್ಟು. ಆದರೆ ನಿಧಿ ಪೆಟ್ಟಿಗೆಗಳಿರುವ ಸಂದಿಗಳಲ್ಲಿ ಇಬ್ಬರು ಹಿಡಿಸುವುದಿಲ್ಲ, ಒಬ್ಬನೇ ಇದ್ದರೆ ನುಸುಳಬಹುದು. ನಡೆಯುತ್ತ ಅವನಿಗೆ ವಯಸ್ಸಾಗುತ್ತದೆ, ಪಟ್ಟಿಯ ಬಲತುದಿಗೆ ಸರಿಯುತ್ತ ಹೋಗುತ್ತಾನೆ. ಅವಳು ಮೊದಲು ಸಾಯುತ್ತಾಳೆ. ಆಮೇಲೆ ನೀನು ಎಷ್ಟೇ ಒತ್ತಿದರೂ ಅವನು ಬೇಗ ನಡೆಯಲಾರ. ಅದನ್ನು ಹೇಳಲು ಅಲ್ಲಿ ಒಂದು ಮಾತೂ ಇಲ್ಲ, ನಿನ್ನ ಬೆರಳಿಗೇ ಗೊತ್ತಾಗುತ್ತದೆ.

ಐದೇ ನಿಮಿಷದ ಆಟ, ಕಂಪ್ಯೂಟರಿಗೆ ಪುಕ್ಕಟೆ ಸಿಗುತ್ತದೆ. ನಾನು ಇಷ್ಟು ಹೇಳಿದ್ದರಿಂದ ನಿನಗೆ ಕೊನೆ ಗೊತ್ತು, ಆದರೂ ಪರವಾಗಿಲ್ಲ. ಒಂದು ಸಲ ಅವಳನ್ನು ಕರೆದುಕೊಂಡು ಹೋಗು, ಇನ್ನೊಂದು ಸಲ ಸುಮ್ನೆ ದಾಟಿ ಹೋಗು. ಎರಡರಲ್ಲಿ ಯಾವುದು ಕಷ್ಟವಾಯಿತು ಅಂತ ಬರಿ.

ನಿನ್ನ ಗೆಳೆಯ