ಸ್ಟೀಫನ್‌ಸನ್‌ನ ಜೀವನಚರಿತ್ರೆ ಬರೆಯುತ್ತಿರುವ ಕಿರಿಯ ಲೇಖಕರಿಗೆ

ಪ್ರಿಯ ಮಿತ್ರರೆ,

ನಮಸ್ಕಾರ. ಜಾರ್ಜ್ ಸ್ಟೀಫನ್‌ಸನ್‌ನನ್ನು ಕುರಿತ ನಿಮ್ಮ ಹಸ್ತಪ್ರತಿಯನ್ನು ಓದಿದೆ. ಭಾಷೆ ತಿಳಿಯಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಅವನು ಗೆಲ್ಲುತ್ತಲೇ ಹೋಗುತ್ತಾನೆ. 1781ರಲ್ಲಿ ವೈಲಮ್ ಎಂಬ ಗಣಿಯೂರಿನಲ್ಲಿ ಬಡವರ ಮನೆಯಲ್ಲಿ ಹುಟ್ಟಿ, ಹದಿನೆಂಟರ ಪ್ರಾಯದವರೆಗೂ ಓದುಬರಹ ಕಲಿಯದೆ ಇದ್ದವನು ರೈಲ್ವೆಯ ಪಿತಾಮಹನಾದ ಎಂಬುದು ಓದುಗರಿಗೆ ಈಗಾಗಲೇ ಗೊತ್ತಿರುವ ಕಥೆ. ಕವಲುದಾರಿಗಳಲ್ಲಿ ಅವನು ಏನನ್ನು ಆರಿಸಿಕೊಂಡ, ಎಲ್ಲಿ ಎಡವಿದ ಎಂಬುದನ್ನು ನೀವು ತೋರಿಸಬೇಕು.

ಹಳಿಗಳ ಪ್ರಸಂಗವನ್ನೇ ನೋಡಿ. ಅದನ್ನು ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟಿದ್ದೀರಿ. 1816ರಲ್ಲಿ ಅವನು ವಿಲಿಯಂ ಲಾಶ್ ಜೊತೆಗೂಡಿ ಎರಕದ ಕಬ್ಬಿಣದ ಹಳಿಗೆ ಪೇಟೆಂಟ್ ಪಡೆದಿದ್ದ. ತಾನೇ ಇಂಜಿನಿಯರ್ ಆಗಿದ್ದ ಸ್ಟಾಕ್ಟನ್–ಡಾರ್ಲಿಂಗ್ಟನ್ ರೈಲುಮಾರ್ಗಕ್ಕೆ ಅದೇ ಹಳಿಯನ್ನು ಹಾಕಿಸಿದ್ದರೆ ಲಾಭ ಅವನ ಕೈಗೇ ಬರುತ್ತಿತ್ತು. ಆದರೆ ಎರಕದ ಕಬ್ಬಿಣ ಪೆಡಸು. ಇಂಜಿನ್ನಿನ ಭಾರಕ್ಕೆ ಬಿರುಕು ಬಿಟ್ಟು ಮುರಿಯುತ್ತಿತ್ತು, ತುಂಡುಗಳು ಗಿಡ್ಡವಾದ್ದರಿಂದ ಜೋಡಣೆಗಳೂ ಹೆಚ್ಚು. ಜಾನ್ ಬರ್ಕಿನ್‌ಶಾ 1820ರಲ್ಲಿ ಮೆದು ಕಬ್ಬಿಣವನ್ನು ಕಾಯಿಸಿ, ರೋಲರುಗಳ ನಡುವೆ ಹಾಯಿಸಿ, ಹದಿನೈದು ಅಡಿ ಉದ್ದದ ಹಳಿಗಳನ್ನು ತಯಾರಿಸುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದ. ಸ್ಟೀಫನ್‌ಸನ್ ತನ್ನ ಹಳಿಯನ್ನು ಬದಿಗಿಟ್ಟು ಅದನ್ನೇ ಶಿಫಾರಸು ಮಾಡಿದ. ಲಾಶ್ ಜೊತೆಗಿನ ಸ್ನೇಹ ಅಲ್ಲಿಗೆ ಮುರಿದುಬಿತ್ತು. ನನ್ನ ಮಟ್ಟಿಗೆ ಅವನ ಬದುಕಿನಲ್ಲಿ ಇದಕ್ಕಿಂತ ದೊಡ್ಡ ಘಟನೆ ಇಲ್ಲ. ಹಾಗೆಂದು ಅವನನ್ನು ಸಂತನನ್ನಾಗಿ ಮಾಡಬೇಡಿ. ಅದೇ ಮಾರ್ಗದ ಇಂಜಿನಿಯರ್ ಆಗಿದ್ದುಕೊಂಡೇ, 1823ರಲ್ಲಿ ಮಗನ ಹೆಸರಿನಲ್ಲಿ ನ್ಯೂಕಾಸಲ್‌ನಲ್ಲಿ ಇಂಜಿನ್ ಕಾರ್ಖಾನೆ ಶುರುಮಾಡಿದವರಲ್ಲಿ ಅವನೂ ಒಬ್ಬ; ಮಾರ್ಗಕ್ಕೆ ಇಂಜಿನ್ ಬಂದದ್ದೂ ಅಲ್ಲಿಂದಲೇ. ಈ ಎರಡು ಸಂಗತಿಗಳನ್ನು ಅಕ್ಕಪಕ್ಕದಲ್ಲಿಟ್ಟು ಬರೆಯಿರಿ.

1825ರ ಸಂಸತ್ ಸಮಿತಿಯ ವಿಚಾರಣೆಯನ್ನು ನೀವು ಪೂರ್ತಿ ಕೈಬಿಟ್ಟಿರುವುದು ನನಗೆ ನಿಜವಾಗಿಯೂ ನೋವುಂಟುಮಾಡಿತು. ಲಿವರ್‌ಪೂಲ್–ಮ್ಯಾಂಚೆಸ್ಟರ್ ಮಾರ್ಗದ ಸರ್ವೆಗೆ ಜಮೀನ್ದಾರರ ಆಳುಗಳು ಅಡ್ಡಿಪಡಿಸಿದ್ದರು. ಅಳತೆಯ ಕೆಲಸವನ್ನು ಸಹಾಯಕರಿಗೆ ಬಿಟ್ಟಿದ್ದ ಸ್ಟೀಫನ್‌ಸನ್ ಅದನ್ನು ಸರಿಯಾಗಿ ಪರಿಶೀಲಿಸಿರಲಿಲ್ಲ. ವಿರೋಧಿಗಳ ವಕೀಲ ಎಡ್ವರ್ಡ್ ಆಲ್ಡರ್‌ಸನ್ ನೆಲದ ಒಂದೊಂದೇ ಮಟ್ಟದ ಲೆಕ್ಕವನ್ನು ಕೆದಕುತ್ತ ಹೋದಂತೆ ಸ್ಟೀಫನ್‌ಸನ್‌ಗೆ ಉತ್ತರ ತೋಚಲಿಲ್ಲ. ಮಾರ್ಗಕ್ಕೆ ಒಪ್ಪಿಗೆ ಕೋರಿದ ಮಸೂದೆ ಬಿದ್ದುಹೋಯಿತು, ಅವನ ಇಂಜಿನಿಯರ್ ಸ್ಥಾನವೂ ಹೋಯಿತು. ಬೇರೆಯವರು ಮಾಡಿದ ಸರ್ವೆಯ ಆಧಾರದ ಮೇಲೆ 1826ರಲ್ಲಿ ಒಪ್ಪಿಗೆ ಸಿಕ್ಕಿದ ಮೇಲೆಯೇ ಅವನನ್ನು ಮರಳಿ ಕರೆಸಿಕೊಂಡದ್ದು. ಆ ಮಾರ್ಗದಲ್ಲಿದ್ದ ಚಾಟ್ ಮಾಸ್ ಜೌಗಿನ ಮೇಲೆ ರೆಂಬೆ, ಪೊದೆಗಳ ತಡಿಕೆ ಹಾಸಿ ಹಳಿ ತೇಲಿಸಿದ ಸಾಹಸವನ್ನು ಈ ಅವಮಾನದ ನಂತರ ಓದಿದಾಗಲೇ ಅದರ ತೂಕ ಗೊತ್ತಾಗುವುದು.

ರಾಕೆಟ್ ಎಂಬ ಉಗಿ ಇಂಜಿನ್ನಿನ ಕೀರ್ತಿಯನ್ನೆಲ್ಲ ತಂದೆಗೆ ಕೊಟ್ಟಿದ್ದೀರಿ. ಅದನ್ನು ಕಟ್ಟಿಸಿದವನು ಮಗ ರಾಬರ್ಟ್. ಬಾಯ್ಲರಿನೊಳಗೆ ಹಲವು ಕೊಳವೆಗಳನ್ನು ಹಾಯಿಸುವ ಸಲಹೆ ಲಿವರ್‌ಪೂಲ್–ಮ್ಯಾಂಚೆಸ್ಟರ್ ಕಂಪನಿಯ ಕಾರ್ಯದರ್ಶಿ ಹೆನ್ರಿ ಬೂತ್‌ನದು. ಲಿವರ್‌ಪೂಲ್–ಮ್ಯಾಂಚೆಸ್ಟರ್ ಮಾರ್ಗದ ಉದ್ಘಾಟನೆಯ ದಿನ ಅದೇ ಇಂಜಿನ್ನಿಗೆ ಸಿಕ್ಕಿ ಸತ್ತ ಸಂಸದ ಹಸ್ಕಿಸನ್ ಸಾವಿನ ದೃಶ್ಯಕ್ಕೆ ಒಂದು ಪುಟ ಸಾಕು.

ಉಳಿದ ಜಾಗವನ್ನು ಉದ್ಯಮಿ ಸ್ಟೀಫನ್‌ಸನ್‌ಗೆ ಕೊಡಿ. ಡರ್ಬಿಶೈರ್‌ನ ಕ್ಲೇ ಕ್ರಾಸ್ ಬಳಿ ಸುರಂಗ ಕೊರೆಯುವಾಗ ಕಲ್ಲಿದ್ದಲು ಸಿಕ್ಕಿತು. ಅದನ್ನು ಸಾಗಿಸುವ ರೈಲುಮಾರ್ಗವನ್ನು ಕಟ್ಟುತ್ತಿದ್ದವನು 1837ರಲ್ಲಿ ಅಲ್ಲಿಯೇ ಗಣಿ ಕಂಪನಿ ಸ್ಥಾಪಿಸಿದ. ಗಣಿಯಲ್ಲೇ ಬೆಳೆದವನು ಗಣಿಯ ಧಣಿಯಾದಾಗ ಅಲ್ಲಿನ ಕೂಲಿ, ವಸತಿ ಹೇಗಿದ್ದವು ಎಂಬುದನ್ನು ಹುಡುಕಿ ಬರೆಯಿರಿ. ಆ ಅಧ್ಯಾಯ ಕನ್ನಡದ ಓದುಗರಿಗೆ ಹೊಸದಾದೀತು. ಅವನ ಕೊನೆಗಾಲದ ಮನೆಯಾದ ಟ್ಯಾಪ್ಟನ್ ಹೌಸ್‌ನ ತೋಟದಲ್ಲಿ ಸೌತೆಕಾಯಿ ಡೊಂಕಾಗದೆ ಬೆಳೆಯಲೆಂದು ಅವನು ಗಾಜಿನ ಕೊಳವೆಗಳನ್ನು ತೊಡಿಸುತ್ತಿದ್ದ ವಿವರವನ್ನು ಮಾತ್ರ ದಯವಿಟ್ಟು ತೆಗೆಯಬೇಡಿ.

ಸಂಸತ್ ಸಮಿತಿಯ ಅಧ್ಯಾಯವನ್ನು ಮೊದಲು ಬರೆದು ಕಳುಹಿಸಿಕೊಡಿ. ಉಳಿದವುಗಳ ಬಗ್ಗೆ ಆಮೇಲೆ ಮಾತನಾಡೋಣ.

ಇಂತಿ,
ನಿಮ್ಮ ಹಿತೈಷಿ