ವೀಸಾ ಭಯಕ್ಕೆ ಹೊಡೆತ ತಿನ್ನಬೇಕಿಲ್ಲ

ಮಾನ್ಯ ಸಂಪಾದಕರೇ,

ನಮ್ಮ ಪಕ್ಕದ ಮನೆ ಹುಡುಗಿ ಮದುವೆಯಾಗಿ ಅಮೆರಿಕಕ್ಕೆ ಹೋಗಿದ್ದಳು. ಹೊಡೆಯುವ ಗಂಡನಿಗೆ ಕೇಳಿಸಬಾರದು ಅಂತ ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಅಮ್ಮನಿಗೆ ಫೋನ್ ಮಾಡುತ್ತಿದ್ದಳು. ಪಾಸ್‌ಪೋರ್ಟ್ ಅವನ ಬೀರುವಿನಲ್ಲಿ. ‘ಬಾಯಿ ಬಿಟ್ಟರೆ ವೀಸಾ ಕ್ಯಾನ್ಸಲ್ ಮಾಡಿಸ್ತೀನಿ’ ಅನ್ನುವ ಬೆದರಿಕೆ ಬೇರೆ. ನಾವೆಲ್ಲ ‘ಸ್ವಲ್ಪ ಸಹಿಸ್ಕೋ ಮಗಳೇ’ ಅಂದೆವು. ಆ ಮಾತು ನನ್ನನ್ನು ಈಗಲೂ ಚುಚ್ಚುತ್ತದೆ.

ಅಲ್ಲಿ ದಾರಿ ಇದೆ ಅಂತ ನಮಗೆ ಗೊತ್ತೇ ಇರಲಿಲ್ಲ. ಗಂಡ ಅಮೆರಿಕದ ಪ್ರಜೆಯೋ ಗ್ರೀನ್ ಕಾರ್ಡ್ ಇರುವವನೋ ಆಗಿದ್ದರೆ, ಅಲ್ಲಿನ 1994ರ ಕಾನೂನಿನಡಿ ಹೊಡೆತ ತಿಂದ ಹೆಂಡತಿ ಅಲ್ಲೇ ಉಳಿಯಲು ತಾನೇ ಅರ್ಜಿ ಹಾಕಬಹುದು. ಅವನ ಸಹಿ ಬೇಡ. ವಲಸೆ ಇಲಾಖೆ ಅವನಿಗೆ ಸುದ್ದಿ ಮುಟ್ಟಿಸುವುದೂ ಇಲ್ಲ. ಗಂಡ ಕೆಲಸಕ್ಕೆಂದು ಕೊಡುವ ಎಚ್-1ಬಿ ವೀಸಾದವನಾದರೆ ಈ ದಾರಿ ಇಲ್ಲ. ನಮ್ಮ ಬೆಂಗಳೂರಿನಿಂದ ಹೋಗುವವರಲ್ಲಿ ಅಂಥವರೇ ಜಾಸ್ತಿ ಅಲ್ವಾ? ಪೊಲೀಸರಿಗೆ ದೂರು ಕೊಟ್ಟು ತನಿಖೆಗೆ ನೆರವಾದರೆ ಅಂಥವರ ಹೆಂಡತಿಯರು ಅಪರಾಧಕ್ಕೆ ಬಲಿಯಾದವರಿಗೆ ಕೊಡುವ ಯು ವೀಸಾ ಕೇಳಬಹುದು. ಅದೂ ವರ್ಷಕ್ಕೆ 10,000 ಮಾತ್ರ, ವರ್ಷಗಟ್ಟಲೆ ಕಾಯಬೇಕು.

ನಮ್ಮ ಬೆಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಇದನ್ನೆಲ್ಲ ಕನ್ನಡದಲ್ಲಿ ಅಚ್ಚು ಹಾಕಿಸಿ, ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳ ಕೈಗೆ ಕೊಡಲಿ. ಒಂದು ಹಾಳೆ ಸಾಕು.

– ಒಬ್ಬ ತಾಯಿ, ಜಯನಗರ, ಬೆಂಗಳೂರು