ಮೆಜೆಸ್ಟಿಕ್ ಮೆಟ್ರೋದಲ್ಲಿ ನನ್ನ ಕಾರ್ಡ್ ಓದಿದ ಅಕ್ಕನಿಗೆ

ಹಸಿರು ಚೂಡಿದಾರ್ ಹಾಕಿದ್ದ ಅಕ್ಕ, ನಿಮ್ಮ ಹೆಸರು ಕೇಳೋಕೂ ಆಗಲಿಲ್ಲ. ಕಳೆದ ಮಂಗಳವಾರ ಮೆಜೆಸ್ಟಿಕ್ ಮೆಟ್ರೋ ಮೆಟ್ಟಿಲ ಹತ್ತಿರ ವಾಂತಿ ಮಾಡಿಕೊಂಡು ಕುಸಿದು ಕೂತಿದ್ದವಳು ನಾನೇ. ಊಟ ಬಿಟ್ಟಿರಬೇಕು, ಸ್ವಲ್ಪ ಹೊತ್ತಿಗೆ ಸರಿಹೋಗುತ್ತೆ ಅಂತಿದ್ದರು ಸುತ್ತ ನಿಂತವರು. ನೀವು ಮಾತ್ರ ನನ್ನ ಪಕ್ಕ ನೆಲದ ಮೇಲೇ ಕೂತು, ನಾನು ಬ್ಯಾಗ್ ಕಡೆ ಕೈ ತೋರಿಸಿದ್ದನ್ನು ಗಮನಿಸಿ, ಪರ್ಸಿನಲ್ಲಿದ್ದ ಸ್ಟೀರಾಯ್ಡ್ ಕಾರ್ಡ್ (ನನ್ನ ಕಾಯಿಲೆ, ತುರ್ತಿನಲ್ಲಿ ಕೊಡಬೇಕಾದ ಔಷಧಿ ಬರೆದಿರೋ ಕಾರ್ಡ್) ತೆಗೆದು ಒಂದೊಂದೇ ಸಾಲು ಜೋರಾಗಿ ಓದಿದಿರಿ.

ನನಗೆ ಅಡಿಸನ್ ಕಾಯಿಲೆ. ಕಿಡ್ನಿ ಮೇಲಿರುವ ಅಡ್ರಿನಲ್ ಗ್ರಂಥಿಗಳು ದೇಹಕ್ಕೆ ಬೇಕಾದ ಕಾರ್ಟಿಸಾಲ್ ಅನ್ನೋ ಹಾರ್ಮೋನ್ ಸಾಕಷ್ಟು ಮಾಡುವುದಿಲ್ಲ, ಅದರ ಬದಲಿಗೆ ದಿನಾ ಹೈಡ್ರೋಕಾರ್ಟಿಸೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ. ಜ್ವರ ಬಂದರೆ ಡಾಕ್ಟರ್ ಹೇಳಿಕೊಟ್ಟ ಹಾಗೆ ಡೋಸ್ ಜಾಸ್ತಿ ಮಾಡಬೇಕು. ವಾಂತಿಯಾದರೆ ಮಾತ್ರೆ ಹೊಟ್ಟೆಯಲ್ಲಿ ನಿಲ್ಲಲ್ಲ ಅಲ್ವಾ, ಆಗ ಇಂಜೆಕ್ಷನ್ನೇ ಬೇಕು, ತಡವಾದರೆ ಬಿಪಿ ಬಿದ್ದು ಜೀವಕ್ಕೇ ಅಪಾಯ.

ಆಟೋದಲ್ಲಿ ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ ನೀವು. ಆಸ್ಪತ್ರೆಯಲ್ಲಿ ಮೊದಲು ಬ್ಲಡ್ ರಿಪೋರ್ಟ್ ಬರಲಿ ಅಂದಾಗ ಕಾರ್ಡನ್ನು ಮೇಜಿನ ಮೇಲಿಟ್ಟು, ಬೆರಳಿಟ್ಟು ತೋರಿಸಿ, "100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್, ಕಾಯಬೇಡಿ ಅಂತ ಇಲ್ಲೇ ಬರೆದಿದೆ" ಅಂದಿರಿ. ಎರಡು ಸಲ ಅಂದಿರಿ. ಆ ದನಿ ಇನ್ನೂ ಕಿವಿಯಲ್ಲಿದೆ. ಆಮೇಲೆ ಇಂಜೆಕ್ಷನ್ನೂ ಕೊಟ್ಟರು, ಸಲೈನೂ ಹಾಕಿದರು.

ಅಮ್ಮ ಬರುವಷ್ಟರಲ್ಲಿ ನೀವು ಹೊರಟುಹೋಗಿದ್ದಿರಿ. ದಿಂಬಿನ ಪಕ್ಕ ಕಾರ್ಡ್, ಅದರ ಮೇಲೆ ಮಡಚಿಟ್ಟ ನನ್ನ ಕನ್ನಡಕ. ಕಾರ್ಡಿನ ಹಿಂದೆ ಈಗ ಕನ್ನಡದಲ್ಲೂ ಬರೆಸಿದ್ದೇನೆ ಅಕ್ಕ. ಆಟೋ ದುಡ್ಡೂ ನೀವೇ ಕೊಟ್ಟಿರಂತೆ. ಇದು ಕಣ್ಣಿಗೆ ಬಿದ್ದರೆ ಒಂದು ಮಾತು ತಿಳಿಸಿ, ನಿಮ್ಮನ್ನು ಊಟಕ್ಕೆ ಕರೆಯಬೇಕು ಅಂತ ಅಮ್ಮ ದಿನಾ ಕೇಳುತ್ತಿದ್ದಾರೆ.